ದುಬೈಗೆ ಎಷ್ಟು ತಾಸು?

ಬ್ರಹ್ಮಪುರ

ದುಬೈ ಎಷ್ಟು ದೂರ, ಎಷ್ಟು ತಾಸಿನ ದಾರಿ ಎಂದು ಕೇಳದವರು ನಮ್ಮ ಓಣಿಯಲ್ಲಿ ಯಾರೂ ಉಳಿದಿರಲಿಲ್ಲ. ಹಾಲಿನವನು ಕೇಳಿದ, ಎದುರು ಮನೆಯ ವಕೀಲರ ಹೆಂಡತಿ ಕೇಳಿದರು, ಗುಡಿಯ ಅಯ್ಯನವರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಕೇಳಿದರು. ಎಲ್ಲರಿಗೂ ನನ್ನದು ಒಂದೇ ಉತ್ತರ: "ಎರಡು ತಾಸು." ವಿಮಾನ ಹೈದರಾಬಾದಿನಿಂದ ಎರಡು ಗಂಟೆಗೆ ಬಿಟ್ಟು ದುಬೈಗೆ ನಾಲ್ಕು ಗಂಟೆಗೆ ಮುಟ್ಟುತ್ತದೆ ಎಂದು ಟಿಕೇಟಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾಲ್ಕರಲ್ಲಿ ಎರಡು ಕಳೆದರೆ ಎರಡು. ಇಪ್ಪತ್ತಾರು ವರ್ಷ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಿದ ಟೀಚರ್ ಹೇಳಿದ ಮೇಲೆ ಸಂಶಯ ಪಡುವವರು ಯಾರು?

ನನ್ನ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ, ಶಾಲೆ ಕಮಲಾಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಒಂದು ತಾಸು ಹೋಗಿ, ಸಂಜೆ ಒಂದು ತಾಸು ಬರುತ್ತೇನೆ. ಜೀವನದಲ್ಲಿ ನಾನು ಮಾಡಿದ ಪ್ರವಾಸವೆಲ್ಲ ಕೂಡಿಸಿದರೆ ತೊಂಬತ್ತು ಪಾಲು ಇದೇ ರಸ್ತೆ. ಅದಕ್ಕೇ ನನ್ನ ದೂರದ ಅಳತೆ ಕಿಲೋಮೀಟರ್ ಅಲ್ಲ, ಕಮಲಾಪುರ. ಬೀದರ್ ಮೂರು ಕಮಲಾಪುರ, ಹೈದರಾಬಾದ್ ಆರು ಕಮಲಾಪುರ. ದುಬೈ ಎರಡೇ ತಾಸು ಎಂದ ಮೇಲೆ ಬೀದರಿಗಿಂತ ಸಮೀಪ ಎಂದು ನಾನು ಧೈರ್ಯವಾಗಿದ್ದೆ.

ಧೈರ್ಯ ಬೇಕಾಗಿತ್ತು. ಮಗಳು ಸವಿತಾ ದುಬೈಯಲ್ಲಿ ಹೆತ್ತು ಎಂಟು ದಿನವಾಗಿತ್ತು. ಹೆರಿಗೆ ಮೂರು ವಾರ ಮೊದಲೇ ಆಗಿ, ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು. ಅಳಿಯ ಬಸವರಾಜ ಅಲ್ಲಿ ಲಿಫ್ಟ್ ಮೆಕ್ಯಾನಿಕ್. ಹಗಲು ಕೆಲಸಕ್ಕೆ ಹೋದರೆ, ಹೊಲಿಗೆ ಆರದ ಹುಡುಗಿ ಒಬ್ಬಳೇ ಕೂಸನ್ನು ಎತ್ತಿಕೊಂಡು ಕೂಡುತ್ತಿದ್ದಳು. ಫೋನಿನಲ್ಲಿ ಅಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆ. ಸವಿತಾ ಸಣ್ಣವಳಿದ್ದಾಗಿನಿಂದ ಜ್ವರ ಏರಿದಾಗಲೇ ಸುಮ್ಮನಿರುವ ಪೋರಿ.

ಬಾಣಂತಿಗೆ ಅಂಟಿನುಂಡಿ ಇಲ್ಲದೆ ಹೋಗುವುದುಂಟೇ? ನಮ್ಮ ಕಡೆ ತಾಯಿ ಬರಿಗೈಯಲ್ಲಿ ಬಂದಳು ಎಂದರೆ ಸತ್ತ ಮೇಲೂ ಆಡಿಕೊಳ್ಳುತ್ತಾರೆ. ಸೂಪರ್ ಮಾರ್ಕೆಟ್ ಎಂದೇ ಹೆಸರಾದ ನಮ್ಮೂರ ಪೇಟೆಗೆ ಹೋಗಿ ಅಂಟು, ಒಣ ಕೊಬ್ಬರಿ, ಉತ್ತತ್ತಿ, ಅಳಿವಿ, ಗಸಗಸೆ, ಬೆಲ್ಲ ತಂದೆ. ಕಿರಾಣಿ ಅಂಗಡಿಯವರು ಪೊಟ್ಟಣ ಕಟ್ಟುತ್ತ, "ಗಸಗಸಿ ಕೈ ಬಿಟ್ಟು ಹಾಕ್ರಿ ಟೀಚರ್, ಬಾಣಂತಿಗೆ ಸೊಂಟಕ್ಕ ಬಲ ಬರ್ತದ" ಎಂದರು. ಕೈ ಬಿಟ್ಟೇ ಹಾಕಿದೆ. ತುಪ್ಪದಲ್ಲಿ ಅಂಟು ಹುರಿಯುವಾಗ ಇಡೀ ಓಣಿಗೆ ವಾಸನೆ ಹೋಯಿತು. ನಲವತ್ತು ಉಂಡಿ ಕಟ್ಟಿ, ಸ್ಟೀಲಿನ ದೊಡ್ಡ ಡಬ್ಬಿಯಲ್ಲಿ ತುಂಬಿದೆ.

ಕಮಲಾಪುರ ದಾಟಿ

ಜೊತೆಗೆ ಶಹನಾಜ್ ಟೀಚರ್ ಇದ್ದರು. ಅವರು ಕಮಲಾಪುರದ ಉರ್ದು ಶಾಲೆಯವರು, ನಾನು ಕನ್ನಡ ಶಾಲೆಯವಳು. ಹನ್ನೊಂದು ವರ್ಷದಿಂದ ಒಂದೇ ಬಸ್ಸು, ಸಾಧ್ಯವಾದರೆ ಒಂದೇ ಸೀಟು. ಅವರ ಮಗಳೂ ಆ ಕಡೆಯೇ, ಶಾರ್ಜಾದಲ್ಲಿ. ಅವರು ಬೇಸಿಗೆ ರಜೆಗೆ ಮೊಮ್ಮಗನನ್ನು ನೋಡಲು ಟಿಕೇಟು ತೆಗೆಸುತ್ತಿದ್ದಾಗ, ನನ್ನ ಗಾಬರಿ ನೋಡಿ, "ಒಬ್ಬರೇ ಹ್ಯಾಂಗ ಹೋಗ್ತೀರಿ? ನನ್ನ ಬಾಜೂಕೇ ತೆಗಸ್ತೀನಿ ತಡೀರಿ" ಎಂದು ಹೋಗುವ ಬರುವ ಎರಡೂ ಟಿಕೇಟು ಜೋಡಿಯಾಗಿ ಮಾಡಿಸಿದ್ದರು.

ನಸುಕಿನಲ್ಲಿ ಬಾಡಿಗೆ ಕಾರಿನಲ್ಲಿ ಹೊರಟೆವು. ಹುಮನಾಬಾದ್ ಮೇಲಿನ ರಸ್ತೆ ಛಲೋ ಇದೆ ಎಂದು ಡ್ರೈವರ್ ಆ ಕಡೆ ಹೊರಳಿಸಿದ. ಅಂದರೆ ನಮ್ಮ ಪರದೇಶ ಪ್ರವಾಸದ ಮೊದಲ ಒಂದು ತಾಸು ದಿನದ ಹಾದಿಯೇ. ಕಮಲಾಪುರ ಬಂದಾಗ ಇಬ್ಬರೂ ರೂಢಿಯಂತೆ ಚೀಲ ಹೆಗಲಿಗೆ ಹಾಕಿಕೊಂಡು ಇಳಿಯಲು ಸಜ್ಜಾದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ರಸ್ತೆ ಬದಿಯಲ್ಲಿ ಆಗಲೇ ಕೆಂಪು ಬಾಳೆಗೊನೆ ತೂಗು ಹಾಕಿದ್ದರು. ಸವಿತಾಗೆ ಜೀವ ಎಂದು ಒಂದು ಹಣಿಗೆ ತೆಗೆದುಕೊಂಡೆ. ಶಹನಾಜ್ ಟೀಚರ್, "ಅಲ್ಲಿ ಬಾಳಿಹಣ್ಣು ಸಿಗಂಗಿಲ್ಲೇನ್ರಿ?" ಎಂದರು. "ಕಮಲಾಪುರದ್ದು ಸಿಗ್ತದೇನು?" ಎಂದೆ.

ಕಮಲಾಪುರ ದಾಟಿದ ಮೇಲೆ ನನಗೆ ಎಲ್ಲವೂ ಪರದೇಶವೇ. ವಿಮಾನ ಬೀಳುತ್ತದೆಯೋ, ಪಾಸ್‌ಪೋರ್ಟ್ ಕಳೆಯುತ್ತದೆಯೋ, ನಾನು ತಪ್ಪಿ ಬೇರೆ ದೇಶದ ಬಾಗಿಲಲ್ಲಿ ನಿಲ್ಲುತ್ತೇನೆಯೋ ಎಂದೆಲ್ಲ ಹೆದರಿದೆ. ಹೆದರಬೇಕಾದ ಒಂದೇ ಒಂದು ವಸ್ತು ಡಿಕ್ಕಿಯಲ್ಲಿತ್ತು. ಅದರ ಕಡೆ ಮಾತ್ರ ಮನಸ್ಸು ಹೋಗಲಿಲ್ಲ.

ಹೈದರಾಬಾದಿನ ತಕ್ಕಡಿ

ವಿಮಾನ ನಿಲ್ದಾಣ ನಮ್ಮ ಬಸ್ ಸ್ಟ್ಯಾಂಡಿನಂತಲ್ಲ. ಇಲ್ಲಿ ಯಾರೂ ಕೂಗಿ ಕರೆಯುವುದಿಲ್ಲ, ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದಿಲ್ಲ. ಎಲ್ಲರೂ ತಮಗೆ ದಾರಿ ಗೊತ್ತಿರುವಂತೆ ನಡೆಯುತ್ತಾರೆ.

ಚೀಲ ತೂಗುವ ಜಾಗದಲ್ಲಿ ಮೊದಲ ಗಂಡಾಂತರ. ನನ್ನ ಚೀಲ ನಾಲ್ಕು ಕಿಲೋ ಹೆಚ್ಚಾಯಿತು. ಕೌಂಟರಿನ ಹುಡುಗಿ ಮುಗುಳ್ನಗುತ್ತಲೇ, ಏನಾದರೂ ತೆಗೆಯಿರಿ ಎಂದಳು. ಹಿಂದೆ ಸಾಲು ಬೆಳೆಯಿತು. ನೆಲದ ಮೇಲೆ ಕುಳಿತು ಚೀಲ ಬಿಚ್ಚಿದೆ. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಕೂಸಿನ ಕುಲಾಯಿ, ಹಳೆ ಸೀರೆಯ ದುಪ್ಪಟಿ ಎಲ್ಲ ಹೊರಬಂದವು. ಕೆಂಪು ಬಾಳೆಹಣ್ಣು ರೊಟ್ಟಿಯ ಭಾರಕ್ಕೆ ಒಡೆದು ದುಪ್ಪಟಿಗೆಲ್ಲ ಮೆತ್ತಿಕೊಂಡಿತ್ತು. ಹಣ್ಣನ್ನು ಅಲ್ಲೇ ಕಸದ ಡಬ್ಬಿಗೆ ಹಾಕಿದೆ. ಆದರೂ ಮೂರು ಕಿಲೋ ಹೆಚ್ಚು. ಏನು ಬಿಡಲಿ? ಕಣ್ಣಲ್ಲಿ ನೀರು ಬಂತು.

"ಅರೆ, ಇಷ್ಟಕ್ಕ ಅಳ್ತಾರೇನ್ರಿ?" ಎಂದು ಶಹನಾಜ್ ಟೀಚರ್ ನನ್ನ ಎದುರಿಗೇ ಕುಕ್ಕರಗಾಲಲ್ಲಿ ಕುಳಿತರು. "ನನ್ನ ಚೀಲ ಅರ್ಧಾ ಖಾಲಿ ಅದ. ಆ ಡಬ್ಬಿ ಕೊಡ್ರಿ ಇಲ್ಲಿ."

"ನಿಮಗ್ಯಾಕ್ರಿ ತ್ರಾಸು?"

"ಡಬ್ಬಿ ನಾ ಹೊರತೀನೇನು? ವಿಮಾನ ಹೊರತದ. ಕೊಡ್ರಿ."

ಉಂಡಿ ಡಬ್ಬಿ ಅವರ ಚೀಲಕ್ಕೆ ಹೋಯಿತು. ಅವರು ಝಿಪ್ಪು ಎಳೆದು ಸಣ್ಣ ಕೀಲಿ ಹಾಕಿ, ಕೀಲಿಕೈಯನ್ನು ಪರ್ಸಿನಲ್ಲಿಟ್ಟುಕೊಂಡರು. ಕೌಂಟರಿನ ಹುಡುಗಿ ಅವರನ್ನು, ಚೀಲ ನೀವೇ ತುಂಬಿದ್ದೀರಾ, ಬೇರೆಯವರದೇನಾದರೂ ಇದೆಯಾ ಎಂದು ಕೇಳಿದಳು. ಶಹನಾಜ್ ಟೀಚರ್ ನನ್ನ ಕಡೆ ಕಣ್ಣು ಮಿಟುಕಿಸಿ, "ಸಬ್ ಮೇರಾಚ್ ಹೈ" ಎಂದರು. ಎಲ್ಲ ನನ್ನದೇ. ಹುಡುಗಿ ಅವರ ಹೆಸರಿನ ಚೀಟಿಯನ್ನು ಚೀಲದ ಹಿಡಿಕೆಗೆ ಸುತ್ತಿದಳು. ಚೀಲ ಪಟ್ಟಿಯ ಮೇಲೆ ತೇಲುತ್ತ ರಬ್ಬರಿನ ಪರದೆಯ ಆಚೆ ಹೋಯಿತು. ನಾನು ನೆಮ್ಮದಿಯ ಉಸಿರು ಬಿಟ್ಟೆ.

ಆಮೇಲೆ ಮೈ ತಪಾಸಣೆ. ನನ್ನ ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ ಇರುತ್ತದೆ. ಯಂತ್ರ ಕೂಗಿತು. ತೆಗೆಯಿರಿ ಎಂದರೆ ಏನು ಮಾಡುವುದು ಎಂದು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಕಾವಲಿನ ಹೆಣ್ಣುಮಗಳು ಪರದೆಯ ಹಿಂದೆ ಕರೆದು, ಮುಚ್ಚಳ ತೆಗೆಸಿ ನೋಡಿ, ಕಣ್ಣಿಗೊತ್ತಿಕೊಂಡು ಬಿಟ್ಟುಬಿಟ್ಟಳು. ದೊಡ್ಡ ಕಂಟಕ ಕಳೆಯಿತು ಎಂದುಕೊಂಡು ವಿಮಾನ ಹತ್ತಿದೆ.

ಆಕಾಶದಲ್ಲಿ

ಮೂರು ಸೀಟಿನ ಸಾಲು. ಕಿಟಕಿಗೆ ಒಬ್ಬ ಗಂಡಸು, ನಡುವೆ ನಾನು, ದಾರಿಯ ಕಡೆ ಶಹನಾಜ್ ಟೀಚರ್. ವಿಮಾನ ನೆಲ ಬಿಟ್ಟಾಗ ಅವರ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, ಬಳೆ ಒತ್ತಿ ಗೆರೆ ಮೂಡಿತ್ತು. ಅವರು ತುಟಿ ಅಲುಗಿಸುತ್ತ ದುವಾ ಓದಿ ನನ್ನ ಕಡೆಗೂ ಒಮ್ಮೆ ಊದಿದರು.

ಬಸ್ಸಿನಲ್ಲಿ ನಮ್ಮದೊಂದು ರೂಢಿ ಉಂಟು. ಬೆಳಿಗ್ಗೆ ಹೋಗುವಾಗ ನಾನು ಅವರ ಹೆಗಲ ಮೇಲೆ ನಿದ್ದೆ ಮಾಡುತ್ತೇನೆ, ಅವರು ಎಚ್ಚರ. ಸಂಜೆ ಬರುವಾಗ ಅವರ ನಿದ್ದೆ, ನಾನು ಎಚ್ಚರ. ಎಚ್ಚರ ಇದ್ದವರು ಇಬ್ಬರ ಪರ್ಸೂ ನೋಡಬೇಕು, ಊರು ಬಂದಾಗ ಎಬ್ಬಿಸಬೇಕು. ವಿಮಾನ ಮೋಡದ ಮೇಲೆ ಸಮನಾದ ಕೂಡಲೇ ಶಹನಾಜ್ ಟೀಚರ್, "ನಾ ಸ್ವಲ್ಪ ಕಣ್ಣ ಮುಚ್ಚತೀನಿ, ನೀವು ಎಚ್ಚರ ಇರ್ರಿ" ಎಂದು ನನ್ನ ಹೆಗಲಿಗೆ ತಲೆ ಇಟ್ಟರು. ಎರಡು ನಿಮಿಷಕ್ಕೆ ಸಣ್ಣ ಗೊರಕೆ ಶುರುವಾಯಿತು.

ಕಿಟಕಿಯ ಮನುಷ್ಯ ಕರೀಂನಗರ ಕಡೆಯವನು. ದುಬೈಯಲ್ಲಿ ಟೈಲ್ಸ್ ಕೂಡಿಸುವ ಕೆಲಸ, ಹನ್ನೆರಡು ವರ್ಷದ ಅನುಭವ. ಅವನ ಹಿಂದಿಗೂ ನಮ್ಮ ಕಲಬುರಗಿ ಮಾರ್ಕೆಟ್ಟಿನ ಹಿಂದಿಗೂ ಹೆಚ್ಚು ಅಂತರ ಇರಲಿಲ್ಲ. ಇನ್ನೇನು ಒಂದೂಕಾಲು ತಾಸಿಗೆ ಮುಟ್ಟುತ್ತೇವಲ್ಲ ಎಂದೆ. ಆತ ನಕ್ಕ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಇರುತ್ತದೆ, ಹಾರುವುದು ಮೂರೂವರೆ ತಾಸು ಎಂದು ತಿಳಿಸಿದ. ನನ್ನ ಇಪ್ಪತ್ತಾರು ವರ್ಷದ ಕಳೆಯುವ ಲೆಕ್ಕ ಅಲ್ಲಿ ಬಿದ್ದುಹೋಯಿತು. ಎದುರಿನ ಸಣ್ಣ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ: ಇನ್ನೂ ಎರಡು ಸಾವಿರ ಕಿಲೋಮೀಟರ್. ಮನಸ್ಸಿನಲ್ಲೇ ಭಾಗಿಸಿದೆ. ಐವತ್ತಕ್ಕೂ ಹೆಚ್ಚು ಕಮಲಾಪುರ.

ಮಾತಿಗೆ ಮಾತು ಬೆಳೆಯಿತು. ಮಗಳ ಬಾಣಂತನ, ಅಂಟಿನುಂಡಿ ಎಂದೆ. ಆತನ ಮುಖದ ನಗು ಸ್ವಲ್ಪ ಸರಿಯಿತು.

"ಅಮ್ಮಾ, ಲಡ್ಡೂ ಮೆ ಖಸ್‌ಖಸ್ ತೋ ನೈ ನಾ?"

ಗಸಗಸೆ ಹಾಕದೆ ಉಂಡಿ ಹೇಗಾಗುತ್ತದೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಆತ ಒಮ್ಮೆ ಹಿಂದೆ ಮುಂದೆ ನೋಡಿ ದನಿ ಇಳಿಸಿದ. "ಉಧರ್ ಖಸ್‌ಖಸ್ ಬಂದ್ ಹೈ ಅಮ್ಮಾ. ನಶೇ ಕಾ ಮಾಲ್ ಬೋಲ್ತೆ. ಪಕಡೇ ತೋ ಜೈಲ್." ಅಫೀಮಿನ ಗಿಡದ ಬೀಜವಲ್ಲವೇ, ಅದಕ್ಕೇ ಅಲ್ಲಿ ನಿಷೇಧ, ಮಾದಕ ವಸ್ತುವಿನ ಲೆಕ್ಕ, ಸಿಕ್ಕಿಬಿದ್ದರೆ ಜೈಲು ಎಂದು ಬಿಡಿಸಿ ಹೇಳಿದ. ತನ್ನ ಊರಿನವನೊಬ್ಬ ಮಸಾಲೆ ಪೊಟ್ಟಣದ ಜೊತೆ ಸಿಕ್ಕು, ಎಷ್ಟೋ ದಿನ ಅವನ ಸುದ್ದಿಯೇ ಗೊತ್ತಾಗಿರಲಿಲ್ಲವಂತೆ. ಡಬ್ಬಿ ಕೈಚೀಲದಲ್ಲಿದ್ದರೆ ಇಲ್ಲೇ ಎಸೆಯಿರಿ ಎಂದ. ಕೈಚೀಲದಲ್ಲಿಲ್ಲ, ಕೆಳಗೆ ಹೋಗಿದೆ ಎಂದೆ. ಆತ ಕಿಟಕಿಯ ಕಡೆ ಮುಖ ತಿರುಗಿಸಿದ. ತಪ್ಪೇನು? ನಾನು ಅವನ ಜಾಗದಲ್ಲಿದ್ದರೂ ತಿರುಗಿಸುತ್ತಿದ್ದೆ.

ಡಬ್ಬಿ ನನ್ನ ಕಾಲ ಕೆಳಗೇ ಎಲ್ಲೋ ಇದೆ, ಕೈಗೆ ಸಿಗುವುದಿಲ್ಲ. ವಿಮಾನ ನಿಲ್ಲಿಸು ಎನ್ನಲು ಇದು ಕಮಲಾಪುರದ ಬಸ್ಸಲ್ಲ. ಮೈಮೇಲೆ ಪೊಲೀಸರು ಬಂದಂತೆ, ಸವಿತಾ ಬಾಗಿಲು ನೋಡುತ್ತ ಕುಳಿತಂತೆ, ಕಲಬುರಗಿಯ ಪೇಪರಿನಲ್ಲಿ ನನ್ನ ಫೋಟೋ ಬಂದಂತೆ ಏನೇನೋ ಕಣ್ಣಿಗೆ ಕಟ್ಟಿತು. ಆಗ ಹೆಗಲ ಮೇಲಿನ ತಲೆ ಸ್ವಲ್ಪ ಜಾರಿತು. ನೆಟ್ಟಗೆ ಮಾಡಿದೆ. ಅಷ್ಟರಲ್ಲಿ ನೆನಪಾಯಿತು: ಡಬ್ಬಿ ಇರುವುದು ಇವರ ಚೀಲದಲ್ಲಿ.

ಎಬ್ಬಿಸಿ ಹೇಳಬೇಕಿತ್ತು. ನಾನು ಎಬ್ಬಿಸಲಿಲ್ಲ. ಮೊದಲು, ಪಾಪ ನಿದ್ದೆ ಬಂದಿದೆ, ಏಳಲಿ ಎಂದುಕೊಂಡೆ. ಆಮೇಲೆ, ಅವರಿಗೆ ಬಿಪಿ ಇದೆ, ಈಗ ಹೇಳಿ ಏನು ಉಪಯೋಗ ಎಂದುಕೊಂಡೆ. ಊಟದ ತಟ್ಟೆ ಬಂತು, ಅವರು ಎದ್ದು ಉಂಡರು, ತಮ್ಮ ಸಿಹಿಯನ್ನು ನನ್ನ ತಟ್ಟೆಗೆ ಹಾಕಿದರು. ಆಗಲೂ ಹೇಳಲಿಲ್ಲ. ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡು ಕುಳಿತೆ. ಅವರು ಮತ್ತೆ ನನ್ನ ಹೆಗಲಿಗೊರಗಿ ಮಲಗಿದರು.

ನಿಜ ಹೇಳಿಬಿಡುತ್ತೇನೆ. ಬರೆಯಲು ಕೂತ ಮೇಲೆ ಮುಚ್ಚಿಡುವುದು ಯಾಕೆ? ಚೀಲದ ಚೀಟಿಯ ಮೇಲೆ ಇರುವುದು ಶಹನಾಜ್ ಟೀಚರ್ ಹೆಸರು, ನನ್ನದಲ್ಲ ಎಂಬ ಯೋಚನೆ ನನಗೆ ಬಂತು. ಬಂದದ್ದಷ್ಟೇ ಅಲ್ಲ, ಅದರಿಂದ ಸ್ವಲ್ಪ ಧೈರ್ಯವೂ ಆಯಿತು. ನನ್ನ ಮಗಳು ಹಸಿ ಬಾಣಂತಿ, ನಾನು ಹೋಗಲೇಬೇಕು, ಅವರದು ಬರೀ ಮೊಮ್ಮಗನನ್ನು ನೋಡುವ ಪ್ರವಾಸ ಎಂದು ಮನಸ್ಸು ಲೆಕ್ಕ ಹಾಕಿತು. ಎರಡನೇ ತಾಸಿನಲ್ಲಿ ಒಮ್ಮೆ ನನಗೆ ನನ್ನದೇ ಹೆದರಿಕೆಯಾಯಿತು. ಪರದೆಯ ಮೇಲೆ ಸಾವಿರ ಇದ್ದದ್ದು ಐನೂರಾಯಿತು, ಐನೂರು ಇನ್ನೂರಾಯಿತು. ಬೇಗ ಮುಟ್ಟಲಿ ಎಂದು ಹೊರಟವಳು, ಮುಟ್ಟುವುದೇ ಬೇಡ ಎಂದು ಲಿಂಗವನ್ನು ಹಿಡಿದು ಬೇಡಿಕೊಂಡೆ.

ದುಬೈ: ಚೀಲಗಳ ಪಟ್ಟಿ

ದುಬೈ ನಿಲ್ದಾಣದ ನೆಲ ಎಷ್ಟು ನುಣುಪೆಂದರೆ ನನ್ನ ಕಾಲು ಅದರಲ್ಲೇ ಕಾಣುತ್ತಿತ್ತು. ಸಾವಿರಾರು ಜನ, ಹತ್ತು ದೇಶದ ಮುಖಗಳು, ಆದರೂ ಒಂದು ನೂಕುನುಗ್ಗಲಿಲ್ಲ. ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಆಟೋದವರು ಬಯ್ಯುತ್ತ ಮೈಮೇಲೆ ಬಂದರೂ ಎದೆ ಅಲುಗುವುದಿಲ್ಲ. ಇಲ್ಲಿ ಬಿಳಿ ಅಂಗಿಯ ಅಧಿಕಾರಿ ಸುಮ್ಮನೆ ಪಾಸ್‌ಪೋರ್ಟ್ ತಿರುವಿದರೆ ಜೀವ ಬಾಯಿಗೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಯಾರೂ ಏನೂ ಅನ್ನದೆಯೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮೇಲೆ ಎಲ್ಲಿ ನೋಡಿದರೂ ಕ್ಯಾಮೆರಾ.

ಚೀಲ ಬರುವ ಪಟ್ಟಿಯ ಹತ್ತಿರ ಶಹನಾಜ್ ಟೀಚರ್, "ಮಾರಿ ತೊಳಕೊಂಡು ಬರ್ತೀನಿ. ನನ್ನ ಚೀಲ ಬಂದ್ರ ಇಳಿಸ್ಕೋರಿ" ಎಂದು ಹೋದರು. ಮೊದಲು ನನ್ನ ಚೀಲ ಬಂತು. ಅದರ ಹಿಂದೆಯೇ ಅವರದು. ಇಳಿಸಿಕೊಂಡೆ. ಡಬ್ಬಿ ತೆಗೆದು ಎಲ್ಲಾದರೂ ಬಿಸಾಡೋಣವೆಂದರೆ ಕೀಲಿ ಹಾಕಿದೆ, ಕೀಲಿಕೈ ಅವರ ಪರ್ಸಿನಲ್ಲಿದೆ. ಅವರು ಬಂದ ಕೂಡಲೇ ಹೇಳುತ್ತೇನೆ ಎಂದು ಬಾಯಲ್ಲಿ ಮಾತು ಜೋಡಿಸಿಕೊಂಡೆ.

ಅವರು ಬಂದರು. ಮುಖ ತೊಳೆದು, ಹೊಸ ದುಪಟ್ಟಾ ಹೊದ್ದು, ಮೊಮ್ಮಗನನ್ನು ನೋಡುವ ಸಂಭ್ರಮದಲ್ಲಿದ್ದರು. "ಹ್ಯಾಂಗ ಕಾಣ್ತೀನ್ರಿ?" ಎಂದು ಕೇಳಿದರು.

"ಛಲೋ ಕಾಣ್ತೀರಿ" ಎಂದೆ. ಬಾಯಿಂದ ಬಂದದ್ದು ಅದೊಂದೇ.

ಕೊನೆಯ ಬಾಗಿಲು

ಹೊರಗೆ ಹೋಗುವ ದಾರಿಯಲ್ಲಿ ಕೊನೆಯ ತಪಾಸಣೆ. ನಾನು ಮುಂದೆ ಇದ್ದೆ. ಅಧಿಕಾರಿ ನನ್ನ ಬಿಳಿ ಕೂದಲು ನೋಡಿದನೋ ಏನೋ, ಕೈ ಬೀಸಿ ಹೋಗು ಎಂದ. ಹೋದೆ. ಹತ್ತು ಹೆಜ್ಜೆ ಆಚೆ ಗಾಜಿನ ಬಾಗಿಲು ತಾನಾಗಿ ತೆರೆಯಿತು. ಕಟಾಂಜನದ ಹಿಂದೆ ಬಸವರಾಜ ನಿಂತಿದ್ದ. ನಿದ್ದೆಗೆಟ್ಟ ಕಣ್ಣು, ಬೆಳೆದ ಗಡ್ಡ. ನನ್ನನ್ನು ನೋಡಿ ಕೈ ಎತ್ತಿದ. ನಾನು ತಿರುಗಿ ನೋಡಿದೆ. ಅಧಿಕಾರಿ ಶಹನಾಜ್ ಟೀಚರನ್ನು ಪಕ್ಕಕ್ಕೆ ಕರೆದು, ಚೀಲವನ್ನು ಯಂತ್ರದ ಮೇಲೆ ಇಡಲು ಸನ್ನೆ ಮಾಡುತ್ತಿದ್ದ. ಅವರು ನಗುತ್ತಲೇ ಚೀಲ ಎತ್ತಿಡುತ್ತಿದ್ದರು. ಎರಡು ಹೆಜ್ಜೆ ಮುಂದಿಟ್ಟಿದ್ದರೆ ನಾನು ದುಬೈಯಲ್ಲಿದ್ದೆ.

"ನಿಂದರ್ರಿ! ಅದರಾಗ ನನ್ನ ಡಬ್ಬಿ ಅದ!" ಎಂದು ಕೂಗಿಬಿಟ್ಟೆ. ಕನ್ನಡದಲ್ಲಿ. ಸುತ್ತಲಿನವರೆಲ್ಲ ತಿರುಗಿದರು. ಓಡಿ ಬಂದು ಯಂತ್ರದ ಪಟ್ಟಿಯ ಮೇಲೆ ಕೈ ಇಟ್ಟೆ. ಆಮೇಲೆ ನೆನಪಾದಷ್ಟು ಹಿಂದಿಯಲ್ಲಿ, ಚೀಲ ಇವರದು, ಒಳಗಿನ ಉಂಡಿ ಡಬ್ಬಿ ನನ್ನದು, ಅದರಲ್ಲಿ ಖಸ್‌ಖಸ್ ಇದೆ ಎಂದೆ. ಖಸ್‌ಖಸ್ ಎಂಬ ಶಬ್ದ ಅಧಿಕಾರಿಗೆ ತಕ್ಷಣ ಅರ್ಥವಾಯಿತು. ಮುಖ ಬಿಗಿಯಿತು. ಇನ್ನಿಬ್ಬರು ಬಂದರು. ನಮ್ಮ ಪಾಸ್‌ಪೋರ್ಟ್ ತೆಗೆದುಕೊಂಡು ಇಬ್ಬರನ್ನೂ ಒಂದು ಕೋಣೆಗೆ ಕರೆದೊಯ್ದರು. ಗಾಜಿನ ಬಾಗಿಲು ಮುಚ್ಚಿಕೊಂಡಿತು, ಬಸವರಾಜ ಆಚೆ ಉಳಿದ.

ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ಮೇಜು. ಎಸಿ ಎಷ್ಟು ತಣ್ಣಗಿತ್ತೆಂದರೆ ಹಲ್ಲು ಕಟಕಟಿಸಿದವು, ಅಥವಾ ಅದು ಎಸಿಯಿಂದಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದರು. ತುಪ್ಪ, ಬೆಲ್ಲದ ವಾಸನೆ ಕೋಣೆ ತುಂಬ ಹರಡಿತು. ಕೈಗವಸು ಹಾಕಿದ ಅಧಿಕಾರಿಯೊಬ್ಬಳು ಒಂದು ಉಂಡಿಯನ್ನು ಒಡೆದಳು. ಗಸಗಸೆ ಮೇಜಿನ ಮೇಲೆ ಉದುರಿತು. ಕೈ ಬಿಟ್ಟು ಹಾಕಿದ್ದೆನಲ್ಲ, ಒಂದೊಂದು ಕಾಳೂ ಕಾಣುತ್ತಿತ್ತು.

ಹಿಂದಿ ಬಲ್ಲ ಒಬ್ಬ ಹಿರಿಯ ಅಧಿಕಾರಿ ಬಂದ. ಇದು ಯಾತಕ್ಕೆ ಎಂದು ಕೇಳಿದ. ಬಾಣಂತಿಗೆ ಏನನ್ನುತ್ತಾರೆಂದು ಹಿಂದಿಯ ಶಬ್ದ ತೋಚದೆ, ಸೆರಗಿನಲ್ಲಿ ಕೂಸನ್ನು ತೂಗಿದಂತೆ ಮಾಡಿ ತೋರಿಸಿದೆ. ಆತ ನಗಲಿಲ್ಲ. ಇದು ಇಲ್ಲಿ ಅಪರಾಧ, ಗೊತ್ತಿತ್ತೋ ಇಲ್ಲವೋ ಎಂದು ನೇರವಾಗಿ ನನ್ನನ್ನೇ ಕೇಳಿದ. ನನ್ನ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು. ಲಿಂಗ ಮುಟ್ಟಿಕೊಂಡು ಸುಳ್ಳು ಹೇಗೆ ಹೇಳಲಿ, ನಿಜ ಹೇಳಿದರೆ ಜೈಲು.

ಶಹನಾಜ್ ಟೀಚರ್ ಕುರ್ಚಿಯಿಂದ ಎದ್ದು ನಿಂತರು. ಇವರು ಸಣ್ಣ ಮಕ್ಕಳಿಗೆ ಪಾಠ ಹೇಳುವ ಟೀಚರ್, ಹನ್ನೊಂದು ವರ್ಷದಿಂದ ಬಲ್ಲೆ, ಇವರಿಗೆ ಗೊತ್ತಿದ್ದರೆ ಖಂಡಿತ ತರುತ್ತಿರಲಿಲ್ಲ ಎಂದು ಉರ್ದುವಿನಲ್ಲಿ ಹೇಳಿ, "ಅಲ್ಲಾ ಕೀ ಕಸಮ್, ಇನೋಂಕೋ ಮಾಲೂಮ್ ನೈ ಥಾ" ಎಂದರು. ದೇವರಾಣೆ, ಇವರಿಗೆ ತಿಳಿದಿರಲಿಲ್ಲ. ಆತ ಎದ್ದು ಹೊರಗೆ ಹೋದ.

ಒಂದು ತಾಸು ಕಾದೆವು. ಶಹನಾಜ್ ಟೀಚರ್ ನನ್ನ ಕೈ ಬಿಡಲಿಲ್ಲ. "ಹೆದರಬ್ಯಾಡ್ರಿ. ಬೇಕಂತ ಮಾಡೀರೇನು? ಪಾಪ, ನಿಮಗೇನು ಗೊತ್ತು" ಎಂದು ಬೆನ್ನು ಸವರುತ್ತಿದ್ದರು. ಅವರು ಸವರಿದಷ್ಟೂ ನಾನು ಸಣ್ಣವಳಾಗುತ್ತಿದ್ದೆ. ಕೊನೆಗೆ ಆ ಹಿರಿಯ ಅಧಿಕಾರಿ ಬಂದು, ನೀವೇ ಮುಂದಾಗಿ ಹೇಳಿದಿರೆಂದು ಬಿಡುತ್ತಿದ್ದೇವೆ, ಇನ್ನೊಮ್ಮೆ ಹೀಗಾದರೆ ಬಿಡುವುದಿಲ್ಲ ಎಂದ. ಒಂದು ಕಾಗದಕ್ಕೆ ನಾನು ಸಹಿ ಹಾಕಿದೆ. ಡಬ್ಬಿ ಅಲ್ಲೇ ಉಳಿಯಿತು. ಪಾಸ್‌ಪೋರ್ಟ್ ಕೈಗೆ ಬಂದಾಗ ಇಬ್ಬರೂ ಒಟ್ಟಿಗೆ ಅತ್ತೆವು.

ಗಾಜಿನ ಬಾಗಿಲ ಕಡೆ ನಡೆಯುತ್ತಿದ್ದಾಗ ಶಹನಾಜ್ ಟೀಚರ್ ಕಣ್ಣೊರೆಸಿಕೊಳ್ಳುತ್ತ, "ಅಲ್ರೀ, ಒಮ್ಮಿಂದೊಮ್ಮೆಲೆ ನಿಮಗ ಹ್ಯಾಂಗ ಗೊತ್ತಾತು?" ಎಂದು ಕೇಳಿದರು. ಸುಮ್ಮನೆ, ಸಹಜವಾಗಿ ಕೇಳಿದರು. ಅಲ್ಲಿ ಬೋರ್ಡಿನ ಮೇಲೆ ಬರೆದದ್ದು ಓದಿದೆ ಎಂದರೆ ಮುಗಿಯುತ್ತಿತ್ತು.

"ವಿಮಾನದಾಗ, ಕಿಟಕಿ ಕಡೆ ಇದ್ದಾವ ಹೇಳಿದ" ಎಂದೆ.

"ಯಾವಾಗ?"

"ನೀವು ಮಲಗಿದ್ರಿ."

"ಮೊದಲನೇ ಸಲ ಮಲಗಿದಾಗೋ, ಊಟ ಆದ ಮ್ಯಾಲೋ?"

"ಮೊದಲನೇ ಸಲ."

ಅವರು ನಡೆಯುವುದನ್ನು ನಿಲ್ಲಿಸಿದರು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. "ಅಂದ್ರ ಮೂರು ತಾಸು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಮೆಲ್ಲಗೆ, "ನಾ ಅಲ್ಲಿ ಕಸಮ್ ತಿಂದೆನಲ್ರಿ ಟೀಚರ್" ಎಂದರು. ಚೀಲ ಎಳೆದುಕೊಂಡು ಹೊರಟುಹೋದರು. ಹೊರಗೆ ಅವರ ಮಗಳು ಓಡಿ ಬಂದು ತಬ್ಬಿಕೊಂಡದ್ದು ಕಂಡಿತು. ಬಸವರಾಜ ನನ್ನ ಕಾಲಿಗೆರಗಿ, "ಯಾಕ್ರಿ ಅತ್ತಿ, ಇಷ್ಟೊತ್ತು? ನಂಗ ಭಾಳ ಅಂಜಿಕಿ ಆಗಿತ್ತು" ಎಂದ. ಚೀಲ ತಡವಾಯಿತು ಎಂದೆ.

ಹದಿನೆಂಟು ದಿನ

ದುಬೈ ಹೇಗಿದೆ ಎಂದು ಈಗ ಎಲ್ಲರೂ ಕೇಳುತ್ತಾರೆ. ನಾನು ನೋಡಿದ್ದು ಹೆಚ್ಚಾಗಿ ಮಗಳ ಒಂದು ಕೋಣೆಯ ಮನೆ. ಕಲಬುರಗಿಯ ಬಿಸಿಲು ಕಂಡವಳಿಗೆ ಅಲ್ಲಿನ ಬಿಸಿಲು ಹೊಸದಲ್ಲ, ಆದರೆ ಅಲ್ಲಿ ಬಿಸಿಲಿಗೆ ಬೈಯುತ್ತ ಬೇವಿನ ಗಿಡದ ಕೆಳಗೆ ಕೂಡುವವರು ಯಾರೂ ಇಲ್ಲ. ಎಲ್ಲರೂ ಗಾಜಿನ ಒಳಗೆ. ರಸ್ತೆ ದಾಟಲು ಜನ ಹಸಿರು ದೀಪಕ್ಕಾಗಿ ಕಾಯುತ್ತಾರೆ, ವಾಹನ ಒಂದೂ ಇಲ್ಲದಿದ್ದರೂ ಕಾಯುತ್ತಾರೆ. ಮೇಲಿನ ಮನೆಯ ಫಿಲಿಪೈನ್ಸಿನ ನರ್ಸ್ ಹುಡುಗಿ ದಿನಾ ಬಂದು ಸವಿತಾಳ ಹೊಲಿಗೆ ನೋಡಿ ಹೋಗುತ್ತಿದ್ದಳು. ಬಾಣಂತಿಗೆ ಅವರ ಕಡೆ ಶುಂಠಿ ಹಾಕಿದ ಕೋಳಿ ಸಾರು ಕೊಡುತ್ತಾರಂತೆ, ಒಂದು ದಿನ ಪಾತ್ರೆ ತುಂಬ ತಂದಳು. ನಾವು ಅದನ್ನು ಉಣ್ಣುವವರಲ್ಲ ಎಂದು ಸವಿತಾ ಹೇಳಿದ್ದಕ್ಕೆ ನೊಂದುಕೊಳ್ಳದೆ, ಮರುದಿನ ಬರೀ ಶುಂಠಿ ತಂದುಕೊಟ್ಟಳು.

ಅಲ್ಲಿಯ ಅಂಗಡಿಯಲ್ಲೇ ಅಂಟು, ಉತ್ತತ್ತಿ ಸಿಕ್ಕಿದವು. ಗಸಗಸೆ ಬಿಟ್ಟು ಉಂಡಿ ಕಟ್ಟಿದೆ. ಸವಿತಾ ತಿಂದು, "ಅವ್ವಾ, ರುಚಿ ಅದೇ ಅದ" ಎಂದಳು. ಮೂರನೇ ದಿನ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ನನಗೆ ಸಮಾಧಾನವಾಯಿತು. ಹೊಲಿಗೆ ಆರಿತು, ಕೂಸಿನ ಕೆನ್ನೆ ತುಂಬಿತು.

ಶಹನಾಜ್ ಟೀಚರಿಗೆ ದಿನಾ ಫೋನು ಮಾಡಿದೆ. ಒಂದೆರಡು ಸಲ ಎತ್ತಿದರು. ಕೂಸು ಹೇಗಿದೆ ಎಂದು ಕೇಳಿದರು, ಸಲಾಂ ಹೇಳಿ ಇಟ್ಟರು. ಕ್ಷಮಿಸಿ ಎಂದು ಎರಡು ಸಲ ಹೇಳಿದೆ. ಎರಡೂ ಸಲ, "ಹೋಗ್ಲಿ ಬಿಡ್ರಿ" ಎಂದರು.

ಮರಳಿ

ಮರಳುವ ಟಿಕೇಟು ಜೋಡಿಯಾಗಿಯೇ ಇತ್ತಲ್ಲ. ಅವರು ಸೀಟು ಬದಲಿಸಿರಬಹುದು ಎಂದು ಹೆದರಿದೆ, ಬದಲಿಸಿರದಿದ್ದರೆ ಮೂರೂವರೆ ತಾಸು ಹೇಗೆ ಕೂಡಲಿ ಎಂದೂ ಹೆದರಿದೆ. ಸುಂಕದ ಕೋಣೆಯಲ್ಲಿ ಪಟ್ಟ ಹೆದರಿಕೆಗೆ ಒಂದು ಆಕಾರವಾದರೂ ಇತ್ತು. ನಾನು ಮೊದಲೇ ಬಂದು ಕುಳಿತು, ಬಾಗಿಲಿಂದ ಬರುವ ಒಂದೊಂದು ಮುಖವನ್ನೂ ನೋಡುತ್ತಿದ್ದೆ.

ಅವರು ಬಂದರು. ಸೀಟಿನ ನಂಬರು ನೋಡಿ ನನ್ನ ಬಾಜೂಕೇ ಕುಳಿತು ಬೆಲ್ಟು ಕಟ್ಟಿಕೊಂಡರು. ಕಣ್ಣು ಕೆಂಪಾಗಿದ್ದವು. "ಮೊಮ್ಮಗ ಎರಡು ದಿನ ಆತು, ಮಲಗಗೊಟ್ಟಿಲ್ಲ" ಎಂದು ಅವರೇ ಹೇಳಿದರು. ಸವಿತಾಳನ್ನು ಕೇಳಿದರು, ಕೂಸಿಗೆ ಏನು ಹೆಸರಿಟ್ಟಿರಿ ಎಂದರು. ವಿಮಾನ ಏರುವಾಗ ನಾನು ನಡುಗಿದ್ದು ನೋಡಿ ತಾವಾಗಿಯೇ ಕೈ ಕೊಟ್ಟರು. ಪರ್ಸಿನಿಂದ ಖರ್ಜೂರ ತೆಗೆದು, ಬೀಜ ಬಿಡಿಸಿ, ಅರ್ಧ ನನಗೆ ಕೊಟ್ಟರು. ಎಲ್ಲ ಮೊದಲಿನಂತೆಯೇ ಇತ್ತು.

ಸ್ವಲ್ಪ ಹೊತ್ತಿಗೆ ಅವರ ತಲೆ ಮುಂದಕ್ಕೆ ವಾಲಿತು. ತಟ್ಟನೆ ಎಚ್ಚೆತ್ತು ನೆಟ್ಟಗೆ ಕುಳಿತರು. ಮತ್ತೆ ವಾಲಿತು, ಮತ್ತೆ ಎಚ್ಚೆತ್ತರು.

"ಮಲಗ್ರಿ ಟೀಚರ್" ಎಂದು ಹೆಗಲನ್ನು ಅವರ ಕಡೆ ಸರಿಸಿದೆ. "ನಾ ಎಚ್ಚರ ಇರ್ತೀನಿ."

"ಇಲ್ರಿ, ನಿದ್ದಿ ಬಂದಿಲ್ಲ" ಎಂದು ನಕ್ಕರು.

ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಒಂದು ತಾಸಿನ ಮೇಲೆ ಇನ್ನೊಮ್ಮೆ ಹೋಗಿ ತೊಳೆದುಕೊಂಡು ಬಂದರು. ಚಹಾ ತರಿಸಿ ಕುಡಿದರು. ಕೆಂಪು ಕಣ್ಣುಗಳನ್ನು ಎದುರಿನ ಪರದೆಯ ಮೇಲಿಟ್ಟು, ಕಡಿಮೆಯಾಗುತ್ತಿದ್ದ ದೂರವನ್ನು ನೋಡುತ್ತ ಕುಳಿತರು. ಹೈದರಾಬಾದು ಬರುವವರೆಗೂ ಅವರು ಕಣ್ಣು ಮುಚ್ಚಲಿಲ್ಲ.